ಹಳೆಯ ಮನೆ, ಹೆಪ್ಪುಗಟ್ಟಿದ ನೀರು



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನೀವೆಲ್ಲ ಅಜ್ಜಿಯ ಬಾಯಲ್ಲಿ ಒಮ್ಮೆಯಾದರೂ ಕೇಳಿರುತ್ತೀರಿ. ಮೂವತ್ತಾರು ವರ್ಷ ಇಟ್ಟಿಗೆ, ಗಾರೆ, ಸಿಮೆಂಟುಗಳ ನಡುವೆಯೇ ಕಳೆದ ನನ್ನನ್ನು ಕೇಳಿದರೆ ಅದಕ್ಕೆ ಮೂರನೆಯದೊಂದನ್ನು ಸೇರಿಸಬೇಕು: ಹಳೆಯ ಮನೆ ಕೊಂಡು ನೋಡು. ಹೊಸ ಮನೆ ಕಟ್ಟುವವನಿಗೆ ತನ್ನ ತಪ್ಪುಗಳು ಮಾತ್ರ ಕಾಡುತ್ತವೆ. ಹಳೆಯ ಮನೆ ಕೊಂಡವನಿಗೆ ಹಿಂದಿನವರ ತಪ್ಪುಗಳೂ ಬಳುವಳಿಯಾಗಿ ಬರುತ್ತವೆ.

ಈ ಸಲ ನಾನು ಹೇಳಹೊರಟಿರುವುದು ಅಂಥ ಒಂದು ಮನೆಯ ಕಥೆ. ಜೊತೆಗೆ ನನ್ನದೇ ಒಂದು ಹಳೆಯ ತಪ್ಪಿನ ಕಥೆಯೂ ಬರುತ್ತದೆ. ಅದನ್ನು ಈ ಅಂಕಣದಲ್ಲಿ ಇಷ್ಟು ದಿನ ಬರೆದಿರಲಿಲ್ಲ.

ನನ್ನ ತಂಗಿಯ ಮಗ ನಿಮ್ಮ ಹಾಗೆಯೇ ದೆಹಲಿಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳು ಓಬವ್ವನ ನಾಟಕ ಆಡಿದಾಗ ಹೈದರಾಲಿಯ ಸೈನಿಕನಾಗಿ ಒನಕೆ ಪೆಟ್ಟು ತಿಂದು ಬಿದ್ದವರಲ್ಲಿ ಅವನೂ ಒಬ್ಬ. ಓದು ಮುಗಿಸಿ ಅಮೆರಿಕಕ್ಕೆ ಹೋದ. ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ಕೆಲಸ. 2012ರಲ್ಲಿ ಅಲ್ಲೇ ಒಂದು ಮನೆ ಕೊಂಡ. 1920ರ ದಶಕದಲ್ಲಿ ಕಟ್ಟಿದ್ದು. ಅಕ್ಕಪಕ್ಕದ ಮನೆಗಳಿಗಿಂತ ಎಷ್ಟೋ ಅಗ್ಗ. ಫೋನಿನಲ್ಲಿ ಅವನ ಸಂಭ್ರಮವೋ ಸಂಭ್ರಮ.

"ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರೋ?" ಎಂದು ನಾನು ಕೇಳಿದೆ.

"ಮಾವ, ಹಳಬರು ಸಾಲ ಕಟ್ಟಲಿಲ್ಲವಂತೆ. ಬ್ಯಾಂಕಿನವರು ವಶಪಡಿಸಿಕೊಂಡಿದ್ದರು. ಎರಡು ವರ್ಷ ಖಾಲಿ ಬಿದ್ದಿತ್ತು, ಅಷ್ಟೇ."

'ಅಷ್ಟೇ' ಎಂಬ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. 2008ರ ಸುಮಾರಿಗೆ ಅಮೆರಿಕದಲ್ಲಿ ಗೃಹಸಾಲದ ಬಿಕ್ಕಟ್ಟು ಬಂದು ಲಕ್ಷಾಂತರ ಮನೆಗಳು ಹೀಗೆ ಕೈಬದಲಾದವು. ಎಷ್ಟೋ ಮನೆಗಳು ಬೀಗ ಹಾಕಿಕೊಂಡು ನಿಂತಿದ್ದವು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮನೆ ಎರಡು ವರ್ಷ ಖಾಲಿ ಬಿದ್ದರೆ ಧೂಳು, ಜಿರಲೆ, ಹೆಚ್ಚೆಂದರೆ ಗೆದ್ದಲು. ಮಿನಿಯಾಪೊಲಿಸ್‌ನಲ್ಲಿ ಹಾಗಲ್ಲ. ಅಲ್ಲಿ ಖಾಲಿ ಮನೆಗೆ ಚಳಿಯೇ ಗೆದ್ದಲು.

2013ರ ಜೂನ್ ತಿಂಗಳಲ್ಲಿ ನಾನೂ ನನ್ನ ಮನೆಯವಳೂ ಅಲ್ಲಿಗೆ ಹೋದೆವು. ಮನೆ ಮುದ್ದಾಗಿತ್ತು. ಮರದ ನೆಲ, ಹಳೇ ಕಾಲದ ಕಿಟಕಿಗಳು, ಹಿತ್ತಿಲಲ್ಲಿ ಒಂದು ಮೇಪಲ್ ಮರ. ಕಾಫಿ ಕುಡಿದು ಮುಗಿಸುವ ಮೊದಲೇ ಹುಡುಗ "ಮಾವ, ಬನ್ನಿ, ಕೆಳಗೆ ನಿಮಗೊಂದು ಕೆಲಸ ಇದೆ" ಎಂದ.

ಕೆಳಗೆ ಎಂದರೆ ನೆಲಮಾಳಿಗೆಗೆ. ಅಲ್ಲಿಯ ಹಳೆಯ ಮನೆಗಳಲ್ಲಿ ಹೆಚ್ಚಿನವಕ್ಕೆ ನೆಲಮಾಳಿಗೆ ಇರುತ್ತದೆ. ಅದಕ್ಕೊಂದು ಕಾರಣ ಉಂಟು. ಚಳಿಗಾಲದಲ್ಲಿ ಅಲ್ಲಿ ಬರೀ ಕೆರೆ ಕುಂಟೆ ಅಲ್ಲ, ನೆಲವೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವ ಮಣ್ಣಿನ ಮೇಲೆ ಪಾಯ ಕೂರಿಸುವಂತಿಲ್ಲ. ಮಿನಿಯಾಪೊಲಿಸ್‌ನಲ್ಲಿ ಪಾಯದ ಬುಡ ನೆಲಮಟ್ಟದಿಂದ ಕನಿಷ್ಠ 42 ಅಂಗುಲ ಕೆಳಗಿರಬೇಕೆಂದು ಕಟ್ಟಡ ನಿಯಮ ಹೇಳುತ್ತದೆ. ಅದೇ ರಾಜ್ಯದ ಉತ್ತರ ಭಾಗದಲ್ಲಿ 60 ಅಂಗುಲ. ಹೇಗೂ ಅಷ್ಟು ಆಳ ಅಗೆಯುವುದಾದರೆ ಇನ್ನೂ ಒಂದೆರಡು ಮೊಳ ಅಗೆದರೆ ಒಂದು ಅಂತಸ್ತೇ ಸಿಗುತ್ತದಲ್ಲ! ಹಾಗೆ ಬಂದದ್ದು ನೆಲಮಾಳಿಗೆ. ಮನೆಯನ್ನು ಬಿಸಿ ಮಾಡುವ ಒಲೆ, ಬಿಸಿನೀರಿನ ಹಂಡೆ, ಬಟ್ಟೆ ಒಗೆಯುವ ಯಂತ್ರ ಎಲ್ಲ ಅಲ್ಲಿಯೇ.

ಮೆಟ್ಟಿಲಿಳಿಯುವಾಗಲೇ ಮೂಗಿಗೆ ವಾಸನೆ ಬಡಿಯಿತು. ನೀವು ಹಿಂದಿಯಲ್ಲಿ 'ಸೀಲನ್' ಎನ್ನುತ್ತೀರಲ್ಲ, ಅದೇ ವಾಸನೆ. ನಮ್ಮ ಕಡೆ 'ಗೋಡೆ ತೇವ ಹಿಡಿದಿದೆ' ಎನ್ನುತ್ತಾರೆ. ಮಣ್ಣಿನೊಳಗಿಂದ ನಿಧಾನವಾಗಿ ಜಿನುಗುವ ನೀರಿಗೆ 'ಒಸರು' ಎಂಬ ಚೆಂದದ ಮಾತಿದೆ. ಇಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಗೋಡೆಗಳು ಕಾಂಕ್ರೀಟ್ ಬ್ಲಾಕಿನವು. ಒಳಗೆ ಪೊಳ್ಳು ಇರುವ ಬ್ಲಾಕುಗಳು. ಉದ್ದನೆಯ ಗೋಡೆಯಲ್ಲಿ, ಹೊರಗಿನ ನೆಲಮಟ್ಟಕ್ಕಿಂತ ಸುಮಾರು ಮೂರಡಿ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ ಒಂದು ಅಡ್ಡ ಬಿರುಕು. ಅದರ ಕೆಳಗೆಲ್ಲ ಬಿಳಿಯ ಉಪ್ಪು ಬಿಟ್ಟಿತ್ತು. ನೆಲದ ಕಾಂಕ್ರೀಟು ನಡುವೆ ಉಬ್ಬಿ ಒಡೆದಿತ್ತು. ಮನೆಯ ನಡು ತೊಲೆಯನ್ನು ಹೊತ್ತ ಕಂಬವೂ ನೆಲದೊಡನೆ ಒಂದಿಷ್ಟು ಮೇಲೆದ್ದಿದ್ದರಿಂದ ಮಹಡಿಯ ಒಂದು ಬಾಗಿಲು ಹಾಕಿಕೊಳ್ಳುತ್ತಲೇ ಇರಲಿಲ್ಲ.

"ಮಾವ, ಏನಿಲ್ಲ, ಬಿರುಕಿಗೆ ಸಿಮೆಂಟ್ ತುಂಬಿ, ಎರಡು ಕೋಟ್ ವಾಟರ್‌ಪ್ರೂಫ್ ಪೇಂಟ್ ಹೊಡೆಯೋಣ. ಆಮೇಲೆ ಜಿಪ್ಸಮ್ ಹಲಗೆ ಹೊಡೆಸಿ ಕೋಣೆ ಮಾಡಿದರೆ ಆಯ್ತು. ಅಮ್ಮ ನವೆಂಬರಿಗೆ ಬರ್ತಾಳೆ. ಅವಳಿಗೆ ಇದೇ ಕೋಣೆ."

ಅಮ್ಮ ಎಂದರೆ ನನ್ನ ತಂಗಿ. ಅವಳ ಮಂಚ ಹಾಕಲು ಅವನು ಗುರುತು ಮಾಡಿದ್ದ ಜಾಗ ಆ ಉದ್ದನೆಯ ಗೋಡೆಯ ಬುಡದಲ್ಲೇ ಇತ್ತು.

ನಾನು ಏನೂ ಹೇಳದೆ ಒಂದು ದಾರ, ಒಂದು ದೊಡ್ಡ ನಟ್ಟು ಕೇಳಿದೆ. ತೂಗುಗುಂಡು ಎಂದರೆ ಅಷ್ಟೇ. ಅದಕ್ಕಿಂತ ಪ್ರಾಮಾಣಿಕವಾದ ಯಂತ್ರ ಇನ್ನೂ ಹುಟ್ಟಿಲ್ಲ. ಮೇಲಿನ ತೊಲೆಗೆ ದಾರ ಕಟ್ಟಿ ಇಳಿಬಿಟ್ಟು ಅಳೆದೆವು. ಗೋಡೆ ನಡುವಿನಲ್ಲಿ ಒಂದೂಕಾಲು ಅಂಗುಲ ಒಳಕ್ಕೆ ಬಾಗಿತ್ತು. ಹುಡುಗನ ಮುಖ ಸಣ್ಣಗಾಯಿತು.

"ಯಾರು ತಳ್ಳಿದ್ದು ಮಾವ ಇದನ್ನ?"

ಒಳ್ಳೆಯ ಪ್ರಶ್ನೆ. ಉತ್ತರವನ್ನು ನಿಮಗೂ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಿ. ಫ್ರೀಜರಿನಲ್ಲಿ ಮರೆತ ಸೀಸೆ ಒಡೆಯುವುದು ಇದರಿಂದಲೇ. ಹೆಪ್ಪುಗಟ್ಟಿದ ಮಣ್ಣು ಮೇಲೇಳುವುದೂ ಇದರಿಂದಲೇ ಎಂದು ಬಹಳ ಕಾಲ ನಂಬಿದ್ದರು. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಎಂಬವರು 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ಪರೀಕ್ಷಿಸಿದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು! ಅಂದರೆ ಹಿಗ್ಗುವುದು ಇಲ್ಲಿ ಮುಖ್ಯ ಕಾರಣವಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ, ಹೆಪ್ಪುಗಟ್ಟುತ್ತಿರುವ ಮಣ್ಣು ಪಕ್ಕದ ಒದ್ದೆ ಮಣ್ಣಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರು ಬಂದು ಬಂದು ಮಂಜುಗಡ್ಡೆಯ ಪದರವಾಗಿ ಬೆಳೆಯುತ್ತದೆ. ಪದರ ದಪ್ಪವಾದಂತೆ ಎದುರಿಗೆ ಸಿಕ್ಕಿದ್ದನ್ನು ತಳ್ಳುತ್ತದೆ, ಅದು ರಸ್ತೆಯಾಗಲಿ, ಕಂಬವಾಗಲಿ, ಗೋಡೆಯಾಗಲಿ.

ಇದಕ್ಕೆ ಮೂರು ಸೇರಬೇಕು. ಒಂದು, ಚಳಿ. ಎರಡು, ನೀರು. ಮೂರು, ನೀರನ್ನು ಎಳೆಯಬಲ್ಲ ನುಣುಪಾದ ಗೋಡುಮಣ್ಣು. ಮರಳಿನ ಸಂದುಗಳು ದೊಡ್ಡವು, ಅವು ನೀರನ್ನು ಎಳೆಯಲಾರವು. ತೀರ ಜಿಗುಟಾದ ಜೇಡಿಯಲ್ಲಿ ನೀರು ಬಹಳ ನಿಧಾನ. ಇವೆರಡರ ನಡುವಿನ ಮಣ್ಣೇ ಹೆಚ್ಚು ಅಪಾಯ. ಮೂರರಲ್ಲಿ ಒಂದನ್ನು ತೆಗೆದುಬಿಟ್ಟರೆ ಗೋಡೆ ಉಳಿಯುತ್ತದೆ.

ಹಾಗಾದರೆ ಎಂಬತ್ತೈದು ವರ್ಷ ಸುಮ್ಮನಿದ್ದ ಗೋಡೆ ಎರಡೇ ವರ್ಷದಲ್ಲಿ ಯಾಕೆ ಬಾಗಿತು? ಜನ ವಾಸವಿರುವ ಮನೆಯ ನೆಲಮಾಳಿಗೆ ಬೆಚ್ಚಗಿರುತ್ತದೆ. ಆ ಬಿಸಿ ಗೋಡೆಯ ಮೂಲಕ ಹೊರಗಿನ ಮಣ್ಣಿಗೂ ಒಂದಿಷ್ಟು ತಾಗುತ್ತದೆ. ಮನೆ ತನ್ನ ಪಾಯವನ್ನು ತಾನೇ ಕಾಯುತ್ತಿರುತ್ತದೆ. ಒಲೆ ಆರಿಸಿ ಬೀಗ ಹಾಕಿದಾಗ ಆ ಕಾವಲು ಹೋಯಿತು. ಚಳಿ ಒಳಗಿನಿಂದಲೂ ಗೋಡೆಯನ್ನು ಹಿಡಿಯಿತು, ನೆಲದ ಕೆಳಗೂ ಇಳಿಯಿತು. ಗೋಡೆಯ ಬೆನ್ನಿಗೆ ಮಂಜುಗಡ್ಡೆ ಬೆಳೆದು ಗೋಡೆಯನ್ನು ಒಳಕ್ಕೆ ತಳ್ಳಿತು. ನೆಲದ ಕೆಳಗೆ ಬೆಳೆದು ನೆಲವನ್ನು ಮೇಲೆತ್ತಿತು.

ಇಷ್ಟು ಹೇಳಿದ ಮೇಲೆ ಹುಡುಗ "ಸರಿ ಮಾವ, ಈಗ ಮನೆಯಲ್ಲಿ ನಾವಿದ್ದೇವೆ, ಒಲೆ ಉರಿಯುತ್ತಿದೆ. ಇನ್ನೇನು ಭಯ? ಪೇಂಟ್ ಹೊಡೆದು ಮುಚ್ಚಿಬಿಡೋಣ" ಎಂದ. ಅವನ ಅವಸರ ನನಗೆ ಅರ್ಥವಾಗುತ್ತಿತ್ತು. ತಾಯಿ ಬರುವುದರೊಳಗೆ ಕೋಣೆ ಚೆಂದ ಕಾಣಬೇಕು. ಆಗ ನಾನು ಆ ಒಡೆದ ನೆಲದ ಮೇಲೆ ಕುರ್ಚಿ ಹಾಕಿಕೊಂಡು ಕೂತು ಅವನಿಗೆ ಸಿಮ್ಲಾದ ಕಥೆ ಹೇಳಿದೆ. ನನ್ನ ಹೆಂಡತಿಗೂ ಅದು ಪೂರ್ತಿಯಾಗಿ ಗೊತ್ತಿರಲಿಲ್ಲ.

1974. ನನಗೆ ಇಪ್ಪತ್ತನಾಲ್ಕು ವರ್ಷ. ಕೆಲಸಕ್ಕೆ ಸೇರಿ ಕೆಲವೇ ತಿಂಗಳು. ಸಿಮ್ಲಾದಲ್ಲಿ ಬ್ರಿಟಿಷರ ಕಾಲದ ಒಂದು ಮನೆಯ ರಿಪೇರಿ ನನ್ನ ಪಾಲಿಗೆ ಬಂತು. ಅಲ್ಲಿಯ ಹಳೆಯ ಮನೆಗಳು ಇಳಿಜಾರಿನಲ್ಲಿ ನಿಂತಿರುತ್ತವೆ. ಕೆಳಗಿನ ಅಂತಸ್ತು ಕಲ್ಲಿನದು, ಅರ್ಧ ಬೆಟ್ಟದೊಳಕ್ಕೆ ಹುದುಗಿರುತ್ತದೆ. ಕಲ್ಲುಗಳ ನಡುವೆ ಸುಣ್ಣದ ಗಾರೆ. ಆ ಅಂತಸ್ತನ್ನು ಉಗ್ರಾಣವಾಗಿ ಬಳಸುತ್ತಿದ್ದರು. ಗೋಡೆಯೆಲ್ಲ ಒದ್ದೆ. ಸುಣ್ಣದ ಗಿಲಾವು ಉದುರುತ್ತಿತ್ತು. ಕಾಲೇಜಿನಿಂದ ಆಗಷ್ಟೇ ಹೊರಬಂದ ನನಗೆ ಸಿಮೆಂಟು ಎಂದರೆ ಸರ್ವರೋಗಕ್ಕೂ ಮದ್ದು. ಅಕ್ಟೋಬರಿನಲ್ಲಿ ಸುಣ್ಣವನ್ನೆಲ್ಲ ಕೆತ್ತಿಸಿ, ದಪ್ಪನೆಯ ಸಿಮೆಂಟು ಗಿಲಾವು ಹಾಕಲು ಹೇಳಿದೆ.

ಅಲ್ಲಿ ಒಬ್ಬ ಮುದಿ ಮೇಸ್ತ್ರಿ ಇದ್ದ. ಬೆಟ್ಟದ ಮನುಷ್ಯ. ಅವನು ಮೆಲ್ಲಗೆ, "ಸಾಬ್, ಹಿಂದೆ ಬೆಟ್ಟ ಇದೆ. ಇಲ್ಲಿ ಮುಚ್ಚಿಬಿಟ್ಟರೆ ಆ ನೀರು ಎಲ್ಲಿಗೆ ಹೋಗಬೇಕು?" ಎಂದು ಕೇಳಿದ. ಮೊದಲು ಮನೆಯ ಹಿಂದೆ ಚರಂಡಿ ಬಿಡಿಸಿ, ಆಮೇಲೆ ಸುಣ್ಣದಲ್ಲೇ ಗಿಲಾವು ಮಾಡೋಣ ಎಂದ. ನಾನು ನಕ್ಕೆ. ಹೇಳಿದಷ್ಟು ಮಾಡು ಎಂದೆ. ಅವನು ಹೇಳಿದಷ್ಟೇ ಮಾಡಿದ, ಚೊಕ್ಕವಾಗಿ ಮಾಡಿದ.

ಸಿಮ್ಲಾದ ಚಳಿಗಾಲದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲಿಗೆ ಕರಗುತ್ತದೆ. ಮತ್ತೆ ರಾತ್ರಿ ಹೆಪ್ಪು, ಮತ್ತೆ ಹಗಲು ಕರಗು. ಸುಣ್ಣದ ಗಾರೆ ಮೆದು. ತೇವವನ್ನು ಒಳಗೆ ಬಿಟ್ಟುಕೊಂಡರೂ ಹೊರಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಿಗಿ. ಅದರ ಹಿಂದೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ಮಾರ್ಚಿ ತಿಂಗಳಲ್ಲಿ ಬಾಗಿಲು ತೆಗೆದಾಗ ನನ್ನ ಗಿಲಾವು ಹಾಳೆ ಹಾಳೆಯಾಗಿ ನೆಲಕ್ಕೆ ಬಿದ್ದಿತ್ತು. ಬೀಳುವಾಗ ಬರಿಗೈಯಲ್ಲಿ ಬಿದ್ದಿರಲಿಲ್ಲ. ಎಷ್ಟೋ ಕಲ್ಲುಗಳ ಮೇಲ್ಪದರವನ್ನೂ ಕಿತ್ತುಕೊಂಡಿತ್ತು. ನಾನು ಮುಟ್ಟದೇ ಇದ್ದಿದ್ದರೆ ಆ ಗೋಡೆ ಇನ್ನಷ್ಟು ಕಾಲ ಆರಾಮವಾಗಿ ಇರುತ್ತಿತ್ತು.

ವರದಿ ಬರೆಯಬೇಕಾಯಿತು. 'ಹೆಚ್ಚಿನ ಹಿಮಪಾತ ಹಾಗೂ ಕೆಲಸಗಾರರ ಅಜಾಗರೂಕತೆ' ಎಂದು ಬರೆದೆ. ಸಹಿ ಮಾಡಿದೆ. ಮೇಸ್ತ್ರಿಗೆ ಬರಬೇಕಾಗಿದ್ದ ಕೊನೆಯ ಕಂತಿನ ಹಣವನ್ನು ತಡೆಹಿಡಿದರು. ಅವನು ಕಚೇರಿಯ ಹೊರಗೆ ಬಂದು ನಿಂತ ದಿನ ನಾನು ಹಿಂದಿನ ಬಾಗಿಲಿನಿಂದ ಹೋದೆ. ಕೆಲಸ ಹೋದರೆ ಊರಿನಲ್ಲಿ ಅಪ್ಪನಿಗೆ ಏನು ಹೇಳಲಿ ಎಂಬ ಭಯ. ಭಯ ನಿಜವಿರಬಹುದು, ಮಾಡಿದ್ದು ತಪ್ಪೇ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ "ಆ ಮೇಸ್ತ್ರಿಯ ಹೆಸರೇನು ಮಾವ?" ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಹೆಸರು ನೆನಪಿಲ್ಲ ಎಂಬುದು ಅವನು ಕೇಳಿದಾಗಲೇ ನನಗೆ ಗೊತ್ತಾದದ್ದು.

ಇರಲಿ, ಮತ್ತೆ ಮಿನಿಯಾಪೊಲಿಸ್‌ಗೆ ಬರೋಣ. ಮರುದಿನ ಬೆಳಿಗ್ಗೆ "ಮಾವ, ಎಲ್ಲಿಂದ ಶುರು ಮಾಡೋಣ?" ಎಂದು ಅವನೇ ಕೇಳಿದ. "ಹೊರಗಿನಿಂದ" ಎಂದೆ.

ಮನೆ ಸುತ್ತ ಒಂದು ಸುತ್ತು ಬಂದೆವು. ಸೂರಿನ ನೀರು ಹಿಡಿಯುವ ತಗಡಿನ ದೋಣಿಯಲ್ಲಿ ಎರಡು ವರ್ಷದ ಎಲೆ ಕೊಳೆತು ಗಿಡ ಹುಟ್ಟಿತ್ತು. ಇಳಿಕೊಳವೆ ಸರಿಯಾಗಿ ಆ ಬಾಗಿದ ಗೋಡೆಯ ಬುಡಕ್ಕೇ ಬಂದು ನಿಂತಿತ್ತು. ನೆಲವೂ ಕುಸಿದು ಮನೆಯ ಕಡೆಗೇ ವಾಲಿತ್ತು. ಒಂದು ಲೆಕ್ಕ ಹೇಳುತ್ತೇನೆ. 100 ಚದರ ಮೀಟರ್ ಸೂರಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು. ಒಂದೇ ಮಳೆಗೆ ಅಷ್ಟು ನೀರನ್ನು ಆ ಮನೆ ತನ್ನ ಪಾಯಕ್ಕೆ ತಾನೇ ಕುಡಿಸುತ್ತಿತ್ತು.

ನನಗೆ ನಮ್ಮ ಊರಿನ ಮನೆ ನೆನಪಾಯಿತು. ಮಲೆನಾಡಿನಲ್ಲಿ ಗುಡ್ಡ ಕಡಿದು ಮಟ್ಟಮಾಡಿ ಮನೆ ಕಟ್ಟುತ್ತಾರೆ. ಮನೆಯ ಹಿಂದೆ ಗೋಡೆಯಂತೆ ನಿಲ್ಲುವ ಕಡಿದ ಮಣ್ಣಿಗೆ 'ಧರೆ' ಎಂದು ಹೆಸರು. ಧರೆಗೂ ಮನೆಗೂ ನಡುವೆ ಒಂದು ಚರಂಡಿ ಇರಲೇಬೇಕು. ಮಳೆಗಾಲ ಹಿಡಿಯುವ ಮುಂಚೆ ನಮ್ಮ ಅಪ್ಪ ಬೇರೆಲ್ಲ ಕೆಲಸ ಬಿಟ್ಟು ಅದರ ಹೂಳು ಎತ್ತಿಸುತ್ತಿದ್ದರು. ಸೂರಿನ ನೀರು ಗೋಡೆ ಬುಡಕ್ಕೆ ಬೀಳದಂತೆ ಅಡಿಕೆ ದಂಬೆ ಕಟ್ಟಿಸುತ್ತಿದ್ದರು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಗೋಡೆಯ ಬೆನ್ನಿಗೆ ನೀರು ನಿಂತರೆ ಗೋಡೆ ಉಳಿಯದು ಎಂಬುದು ಮಲೆನಾಡಿಗೂ ಗೊತ್ತು, ಮಿನೆಸೋಟಕ್ಕೂ ಗೊತ್ತು.

"ಅಜ್ಜನ ಮನೆ ಹಿಂದಿನ ಆ ಚರಂಡೀನಾ ಮಾವ? ನಾನು ಅದು ಕಾಗದದ ದೋಣಿ ಬಿಡೋಕೆ ಅಂತ ಮಾಡಿದ್ದು ಅಂದುಕೊಂಡಿದ್ದೆ!" ಎಂದು ಹುಡುಗ ನಕ್ಕ. ಬೇಸಗೆ ರಜೆಗೆ ಊರಿಗೆ ಹೋಗುತ್ತಿದ್ದ ನಿಮ್ಮಲ್ಲೂ ಕೆಲವರು ಹಾಗೆಯೇ ಅಂದುಕೊಂಡಿರಬಹುದು.

ಮೊದಲು ದೋಣಿ ತೊಳೆದು, ಇಳಿಕೊಳವೆಗೆ ಉದ್ದನೆಯ ತುಂಡು ಜೋಡಿಸಿ ನೀರನ್ನು ಮನೆಯಿಂದ ದೂರ ಬಿಟ್ಟೆವು. ಒಂದು ದಿನದ ಕೆಲಸ, ಖರ್ಚು ತೀರ ಕಡಿಮೆ. ಮೊದಲಿದ್ದವರು ಹೊತ್ತಿಗೆ ಸರಿಯಾಗಿ ಇಷ್ಟು ಮಾಡಿದ್ದರೆ ಮುಂದಿನ ಖರ್ಚಿನಲ್ಲಿ ಬಹುಪಾಲು ಉಳಿಯುತ್ತಿತ್ತು.

ಮುಂದಿನದು ನಮ್ಮಿಬ್ಬರ ಕೈಮೀರಿದ ಕೆಲಸ. ಬಾಗಿದ ಗೋಡೆಯನ್ನು ಯಾರೂ ತಾವೇ ರಿಪೇರಿ ಮಾಡಲು ಹೋಗಬಾರದು. ನಾನು ಇಂಜಿನಿಯರೇ ಇರಬಹುದು, ಆದರೆ ಆ ರಾಜ್ಯದ ಪರವಾನಗಿ ನನಗಿಲ್ಲ, ಆ ಮಣ್ಣಿನ ಅನುಭವವೂ ಇಲ್ಲ. ಅಲ್ಲಿಯವರೇ ಒಬ್ಬ ಇಂಜಿನಿಯರನ್ನು ಕರೆಸಿ, ನಗರಾಡಳಿತದ ಅನುಮತಿ ಪಡೆದೆವು. ಅಗೆಯುವ ಮೊದಲು 811 ಎಂಬ ಸಂಖ್ಯೆಗೆ ಫೋನು ಮಾಡಬೇಕು. ನೆಲದೊಳಗೆ ಎಲ್ಲಿ ಗ್ಯಾಸು, ಎಲ್ಲಿ ವಿದ್ಯುತ್ತು ಎಂದು ಬಂದು ಬಣ್ಣದಲ್ಲಿ ಗುರುತು ಹಾಕುತ್ತಾರೆ. ಅದಕ್ಕೆ ಹಣವಿಲ್ಲ. ಈ ವ್ಯವಸ್ಥೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಐದಡಿಗಿಂತ ಆಳವಾದ ಕಂದಕಕ್ಕೆ ಬದಿ ಕುಸಿಯದಂತೆ ಆಸರೆಯಿಲ್ಲದೆ ಕೆಲಸಗಾರರನ್ನು ಇಳಿಸುವಂತಿಲ್ಲ ಎಂಬ ನಿಯಮವೂ ಅಲ್ಲಿದೆ.

ಆಗಸ್ಟ್‌ನಲ್ಲಿ ಮಣ್ಣು ಒಣಗಿದ್ದಾಗ ಕೆಲಸ ಶುರುವಾಯಿತು. ಮೊದಲ ದಿನ ಗುತ್ತಿಗೆದಾರನ ಆಳು ಒಳಗಿನಿಂದ ಗೋಡೆಯ ತಳದ ಸಾಲಿನ ಬ್ಲಾಕಿಗೆ ಒಂದು ತೂತು ಕೊರೆದ. ಹನ್ನೆರಡು ದಿನದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ಆ ತೂತಿನಿಂದ ಕಂದು ಬಣ್ಣದ ನೀರು ಹೆಬ್ಬೆರಳು ಗಾತ್ರಕ್ಕೆ ಧುಮುಕಿತು. ಬ್ಲಾಕಿನ ಪೊಳ್ಳುಗಳಲ್ಲೆಲ್ಲ ನೀರು ನಿಂತಿತ್ತು. ಒಂದೊಂದು ತೂತಿಗೂ ಅದೇ ಕಥೆ. ಹುಡುಗ ನೋಡುತ್ತ ನಿಂತ. "ಪೇಂಟ್ ಹೊಡೆದಿದ್ದರೆ ಇದೆಲ್ಲ ಒಳಗೇ ಇರ್ತಿತ್ತು, ಅಲ್ವಾ ಮಾವ?" ಎಂದ. ಇದ್ದು, ಮುಂದೊಂದು ಚಳಿಗೆ ಹೆಪ್ಪುಗಟ್ಟಿ ಬ್ಲಾಕನ್ನೇ ಸೀಳುತ್ತಿತ್ತು. ನಾನು ಏನೂ ಹೇಳಬೇಕಾಗಲಿಲ್ಲ.

ಆಮೇಲೆ ನಡೆದ ಕೆಲಸವನ್ನು ಕ್ರಮವಾಗಿ ಹೇಳಿಬಿಡುತ್ತೇನೆ. ಹೊರಗಿನಿಂದ ಪಾಯದ ಬುಡದವರೆಗೆ ಅಗೆದರು. ಬೆನ್ನ ಮೇಲಿನ ಭಾರ ಇಳಿದ ಮೇಲೆ ಒಳಗಡೆ ಉಕ್ಕಿನ ತೊಲೆಗಳನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಪಾಯಕ್ಕೂ ಮೇಲೆ ಮನೆಯ ಮರದ ತೊಲೆಗಳಿಗೂ ಬಿಗಿದರು. ಬಾಗು ಕಡಿಮೆಯಿದ್ದರೆ ಕಾರ್ಬನ್ ನಾರಿನ ಪಟ್ಟಿಗಳನ್ನು ಅಂಟಿಸುವ ವಿಧಾನವೂ ಇದೆ. ನಮ್ಮ ಗೋಡೆಗೆ ಉಕ್ಕೇ ಸರಿ ಎಂದು ಇಂಜಿನಿಯರ್ ಲೆಕ್ಕಹಾಕಿ ಹೇಳಿದರು. ಗೋಡೆಯನ್ನು ಪೂರ್ತಿ ನೆಟ್ಟಗೆ ಮಾಡುವ ಆಸೆ ಬಿಟ್ಟೆವು. ಇನ್ನು ಬಾಗದಿದ್ದರೆ ಸಾಕು.

ಹೊರಮೈಯನ್ನು ತೊಳೆದು, ಬಿರುಕುಗಳಿಗೆ ಗಾರೆ ತುಂಬಿ, ನೀರು ತಡೆಯುವ ಪದರ ಹಾಕಿದರು. ಅದರ ಮೇಲೆ ದಪ್ಪನೆಯ ಫೋಮ್ ಹಲಗೆಗಳು. ಗೋಡೆಗೆ ಕಂಬಳಿ ಹೊದೆಸಿದ ಹಾಗೆ. ಹೊರಗಿನ ಚಳಿ ಗೋಡೆಗೆ ತಾಗದು. ಪಾಯದ ಬುಡದಲ್ಲಿ ತೂತುಗಳಿರುವ ಕೊಳವೆ ಮಲಗಿಸಿ, ಸುತ್ತ ತೊಳೆದ ಜಲ್ಲಿ ತುಂಬಿ, ಮಣ್ಣು ನುಗ್ಗದಂತೆ ಬಟ್ಟೆ ಸುತ್ತಿದರು. ಬಂದ ನೀರು ಆ ಕೊಳವೆಯಲ್ಲಿ ಹರಿದು ನೆಲಮಾಳಿಗೆಯ ಮೂಲೆಯ ಗುಂಡಿಗೆ ಬೀಳುತ್ತದೆ, ಅಲ್ಲಿಂದ ಒಂದು ಪಂಪು ಅದನ್ನು ಹೊರಗೆ ದೂರಕ್ಕೆ ಎಸೆಯುತ್ತದೆ. ಕಂದಕಕ್ಕೆ ತೆಗೆದ ಗೋಡುಮಣ್ಣನ್ನೇ ಮತ್ತೆ ತುಂಬದೆ ಜಲ್ಲಿ ತುಂಬಿದರು. ಮೇಲೆ ಮಾತ್ರ ಒಂದಡಿ ಜೇಡಿಮಣ್ಣು, ಅದೂ ಹೊರಗಿಳಿಜಾರಾಗಿ. ಮೊದಲ ಹತ್ತು ಅಡಿಯಲ್ಲಿ ಆರು ಅಂಗುಲ ಇಳಿಯಬೇಕು, ಇದು ಅಲ್ಲಿಯ ನಿಯಮ. ಉಬ್ಬಿದ ನೆಲವನ್ನು ಒಡೆದು, ಕೆಳಗೆ ಜಲ್ಲಿ, ಪ್ಲಾಸ್ಟಿಕ್ ಹಾಳೆ, ಫೋಮ್ ಹಾಕಿ ಹೊಸ ಕಾಂಕ್ರೀಟು ಸುರಿದರು. ಕಂಬದ ಬುಡವನ್ನೂ ಸರಿ ಮಾಡಿದರು. ಮೇಲಿನ ಬಾಗಿಲು ತನ್ನಷ್ಟಕ್ಕೆ ಹಾಕಿಕೊಂಡಿತು!

ಮೂರನ್ನು ನೆನಪಿಸಿಕೊಳ್ಳಿ: ಚಳಿ, ನೀರು, ಮಣ್ಣು. ಫೋಮ್ ಚಳಿಯನ್ನು ದೂರವಿಟ್ಟಿತು, ಕೊಳವೆ ನೀರನ್ನು ಒಯ್ದಿತು, ಜಲ್ಲಿ ಮಣ್ಣಿನ ಜಾಗಕ್ಕೆ ಬಂತು. ಒಂದು ಕೈಕೊಟ್ಟರೂ ಇನ್ನೆರಡು ಇರುತ್ತವೆ.

ಖರ್ಚು? ಮನೆಗೆ ಕೊಟ್ಟ ಬೆಲೆಯ ಆರನೇ ಒಂದು ಭಾಗ. ಅಗ್ಗದ ಮನೆ ಅಷ್ಟೇನೂ ಅಗ್ಗವಾಗಿ ಉಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಕೆಲಸ ಮುಗಿದಾಗ ನಾನು ಇನ್ನೊಂದು ಕಹಿ ಮಾತು ಹೇಳಬೇಕಾಯಿತು. "ಈಗಲೇ ಹಲಗೆ ಹೊಡೆದು ಕೋಣೆ ಮಾಡಬೇಡ. ಒಂದು ಚಳಿಗಾಲ ಗೋಡೆ ಬರಿಮೈಯಲ್ಲಿ ನಿಲ್ಲಲಿ. ಕಣ್ಣಿಗೆ ಕಾಣುವ ಹಾಗಿರಲಿ." ಈ ಸಲ ಅವನು ವಾದ ಮಾಡಲಿಲ್ಲ. ನವೆಂಬರಿನಲ್ಲಿ ನನ್ನ ತಂಗಿ ಬಂದಳು. ಮಗ ಸೊಸೆ ತಮ್ಮ ಮಲಗುವ ಕೋಣೆ ಅವಳಿಗೆ ಬಿಟ್ಟು ತಾವು ನಡುಮನೆಯಲ್ಲಿ ಸೋಫಾ ಬಿಡಿಸಿಕೊಂಡು ಮಲಗಿದರು. ಅವಳಿಗೆ ಬೇಸರವೇನೂ ಆಗಲಿಲ್ಲ. ಅಡಿಗೆಮನೆ ಹತ್ತಿರವಾಯಿತು ಎಂದಳು.

2014ರ ಜನವರಿ ಮೊದಲ ವಾರ. ಆ ವರ್ಷ ಉತ್ತರ ಅಮೆರಿಕಕ್ಕೆ ಬಂದ ಚಳಿ ನಿಮ್ಮಲ್ಲಿ ದೊಡ್ಡವರಿಗೆ ಸುದ್ದಿಯಲ್ಲಿ ನೋಡಿದ ನೆನಪಿರಬಹುದು. ಮಿನಿಯಾಪೊಲಿಸ್‌ನಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಮಿನೆಸೋಟದ ಗವರ್ನರ್ ಇಡೀ ರಾಜ್ಯದ ಸರಕಾರಿ ಶಾಲೆಗಳಿಗೆ ಜನವರಿ 6ಕ್ಕೆ ರಜೆ ಘೋಷಿಸಿದ್ದರು. ಮೊದಲು ಆ ಗೋಡೆಯ ಪಕ್ಕದಲ್ಲಿ ನಾವು ಕಟ್ಟಿದ್ದ ದಾರ, ನಟ್ಟು ಹಾಗೆಯೇ ಇದ್ದವು. ನೆಲದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಹಾಕಿ ಬಂದಿದ್ದೆ. ಆ ವಾರವೆಲ್ಲ ಹುಡುಗ ದಿನಕ್ಕೆರಡು ಸಲ ಕೆಳಗಿಳಿದು ಅಳೆದ. ಇಲ್ಲಿ ದೆಹಲಿಯಲ್ಲಿ ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ. ಗೋಡೆ ಸರಿದರೆ ಮಾವ ಹೇಳಿದ್ದು ಸುಳ್ಳಾಯಿತು ಎಂಬುದಷ್ಟೇ ಅಲ್ಲ; ಆ ಮನೆಯೊಳಗೆ ನನ್ನ ತಂಗಿ ಇದ್ದಳು. ಏಳನೆಯ ತಾರೀಖು ರಾತ್ರಿ ಫೋನು ಬಂತು.

"ಮಾವ, ಗೆರೆ ಅಲ್ಲೇ ಇದೆ."

ಮುಂದಿನ ಬೇಸಗೆಯಲ್ಲಿ ಅವನು ಕೋಣೆ ಮಾಡಿದ. ನನ್ನ ಮಾತಿನಂತೆ ಹಲಗೆಯಲ್ಲಿ ಒಂದು ಕಡೆ ತೆಗೆದು ಹಾಕುವ ಸಣ್ಣ ಬಾಗಿಲು ಬಿಟ್ಟಿದ್ದಾನೆ, ಗೋಡೆ ನೋಡಲು. ಊರಿಗೆ ಹೋಗುವಾಗಲೂ ಒಲೆಯನ್ನು ಪೂರ್ತಿ ಆರಿಸುವುದಿಲ್ಲ, 13 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹೋಗುತ್ತಾನೆ.

ನಿಮ್ಮಲ್ಲಿ ಕೆಲವರು ನಾಳೆ ಅಂಥ ಚಳಿಯ ಊರಿಗೆ ಹೋಗಬಹುದು, ಹಳೆಯ ಮನೆ ಕೊಳ್ಳಬಹುದು. ಎಷ್ಟು ದಿನ ಖಾಲಿಯಿತ್ತು, ಚಳಿಗಾಲದಲ್ಲಿ ಒಲೆ ಉರಿಯುತ್ತಿತ್ತೇ ಎಂದು ಕೇಳಿ. ಒಂದು ದಾರ, ಒಂದು ನಟ್ಟು ಜೇಬಿನಲ್ಲಿಟ್ಟುಕೊಂಡು ಹೋಗಿ. ಹೊಸದಾಗಿ ಬಣ್ಣ ಬಳಿದ ನೆಲಮಾಳಿಗೆ ಕಂಡರೆ ಇನ್ನೂ ಹುಷಾರು. ಇಲ್ಲೇ ಇರುವವರಿಗೂ ಒಂದು ಮಾತು. ದೆಹಲಿಯ ನೆಲ ಹೆಪ್ಪುಗಟ್ಟುವುದಿಲ್ಲ, ಆದರೆ ತೇವ ಹಿಡಿದ ಗೋಡೆಗೆ ಪಿವಿಸಿ ಹಲಗೆ ಹೊಡೆಸಿ ಮುಚ್ಚುವ ಚಾಳಿ ನಮ್ಮಲ್ಲೂ ಬೇಕಾದಷ್ಟಿದೆ. ಮುಂದಿನ ಮಳೆಯಲ್ಲಿ ಛತ್ರಿ ಹಿಡಿದು ಒಮ್ಮೆ ಹೊರಗೆ ಹೋಗಿ, ನಿಮ್ಮ ತಾರಸಿಯ ನೀರು ಎಲ್ಲಿ ಬೀಳುತ್ತಿದೆ ನೋಡಿ ಬನ್ನಿ.

ಹಾಗೆಯೇ, ಕೆಲಸ ಮಾಡುವಾಗ ಅನುಭವಸ್ಥನೊಬ್ಬ "ನೀರು ಎಲ್ಲಿಗೆ ಹೋಗಬೇಕು?" ಎಂದು ಕೇಳಿದರೆ ನಗಬೇಡಿ. ಅವನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. 2015ರಲ್ಲಿ ನಾನು ಸಿಮ್ಲಾಕ್ಕೆ ಹೋಗಿ ಎರಡು ದಿನ ಹುಡುಕಿದೆ. ಹೆಸರೇ ಗೊತ್ತಿಲ್ಲದವನನ್ನು ಯಾರನ್ನೆಂದು ಕೇಳುವುದು? ಬರಿಗೈಯಲ್ಲಿ ವಾಪಸು ಬಂದೆ.

ಮನೆ, ಗೋಡೆ, ತೇವ, ತಾರಸಿ ಏನೇ ಪ್ರಶ್ನೆ ಇದ್ದರೂ ಸಂಘದ ಕಚೇರಿಗೆ ಬರೆದು ಕಳುಹಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.